ಏಳನೇ ಕ್ಲಾಸಿನ ಮಗ, 58 ಕೆಜಿ. ಎಲ್ಲಿಂದ ಶುರು ಮಾಡುದು?

ಬಿಜೈಯ ಅಮ್ಮ:
ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ತಂದೆ-ತಾಯಂದಿರಲ್ಲಿ ಒಂದು ವಿಷಯ ಕೇಳ್ಲಿಕ್ಕುಂಟು. ಮಗನಿಗೆ 12 ವರ್ಷ, ಏಳನೇ ಕ್ಲಾಸ್. ಕಳೆದ ವಾರ ಶಾಲೆಯಲ್ಲಿ ಆರೋಗ್ಯ ತಪಾಸಣೆ ಇತ್ತು. ಎತ್ತರ 148 ಸೆಂಟಿಮೀಟರ್, ತೂಕ 58 ಕೆಜಿ. ತೂಕ ನೋಡಿದವರು ಬರೆದುಕೊಳ್ಳುವವರಿಗೆ ಕೇಳಲಿ ಅಂತ ಗಟ್ಟಿಯಾಗಿ ಓದಿದ್ದಾರೆ. ಹಿಂದೆ ಲೈನಿನಲ್ಲಿ ನಿಂತ ಮಕ್ಕಳು "ಒಂದು ಮೂಟೆ ಅಕ್ಕಿಗಿಂತ ಜಾಸ್ತಿ" ಅಂತ ನಗಾಡಿದ್ದಾರೆ. ಮನೆಗೆ ಬಂದವ ಶೂ ಸಹ ಬಿಚ್ಚದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮರುದಿನದಿಂದ ಬುತ್ತಿ ಹಾಗೇ ವಾಪಸು ಬರ್ತಾ ಉಂಟು. ನಿನ್ನೆ ನೀರ್ ದೋಸೆ, ಕಾಯಿಚಟ್ನಿ ಕಟ್ಟಿದ್ದೆ. ಸಂಜೆ ಮುಚ್ಚಳ ತೆಗೆದ್ರೆ ದೋಸೆ ಒಂದಕ್ಕೊಂದು ಅಂಟಿಕೊಂಡು ಚಟ್ನಿ ಹಳಸಿ ವಾಸನೆ ಬರ್ತಿತ್ತು. ಅದನ್ನು ತೊಳೆಯುವಾಗ ಕಣ್ಣಲ್ಲಿ ನೀರು ಬಂತು. ಅವನು ತಿನ್ನುದು ಜಾಸ್ತಿ ಅಂತ ನಾನೂ ಬೈದದ್ದುಂಟು, ಸುಳ್ಳು ಹೇಳುದಿಲ್ಲ.

ಅವನ ಒಂದು ದಿನವನ್ನು ಕಾಗದದಲ್ಲಿ ಬರೆದು ನೋಡಿದೆ. ಆರು ಗಂಟೆಗೆ ಏಳುದು. 7:20ಕ್ಕೆ ವ್ಯಾನ್ ಗೇಟಿನ ಬುಡಕ್ಕೇ ಬರ್ತದೆ, ಶಾಲೆ ಇರುದು ಬರೇ ಒಂದೂವರೆ ಕಿಲೋಮೀಟರ್ ದೂರದಲ್ಲಿ. 4:30ಕ್ಕೆ ವಾಪಸು. ಐದರಿಂದ ಏಳು ಟ್ಯೂಷನ್. ಮತ್ತೆ ಹೋಂವರ್ಕ್, ಮತ್ತೆ ಮೊಬೈಲ್. ನಮ್ಮ ಫ್ಲ್ಯಾಟಿನ ಕೆಳಗೆ "ಇಲ್ಲಿ ಚೆಂಡಾಟ ಆಡಬಾರದು" ಅಂತ ಬೋರ್ಡು. ಶಾಲೆಯ ಅಂಗಳಕ್ಕೆ ಮೂರು ವರ್ಷದ ಹಿಂದೆ ಇಂಟರ್‌ಲಾಕ್ ಹಾಸಿ ಬಸ್ಸು ನಿಲ್ಲಿಸುವ ಜಾಗ ಮಾಡಿದ್ರು. ಕಾಗದ ನೋಡ್ತಾ ಕೂತೆ. ಇವನು ಓಡಬೇಕಾದ್ದು ಯಾವಾಗ, ಎಲ್ಲಿ?

ಡಯೆಟ್ ಮಾಡಿಸುದಾ, ಜಿಮ್ಮಿಗೆ ಹಾಕುದಾ, ಡಾಕ್ಟರಿಗೆ ತೋರಿಸುದಾ? ಅನುಭವ ಇದ್ದವರು ಹೇಳಿ.

ಉರ್ವಸ್ಟೋರಿನ ಅಪ್ಪ:
ನಮ್ಮಲ್ಲಿಯೂ ಇದೇ ಕತೆ ಅಕ್ಕ. ಮಗಳು ಆರನೇ ಕ್ಲಾಸ್, ನೋಡ್ಲಿಕ್ಕೆ ಸಪೂರ. ಲಿಫ್ಟ್ ಹಾಳಾದ ದಿನ ಮೂರನೇ ಮಾಳಿಗೆಗೆ ಹತ್ತುವಾಗ ಎರಡು ಕಡೆ ಕೂತಳು. ಸಪೂರ ಇದ್ದಾಳೆ, ಆರೋಗ್ಯ ಸರಿ ಉಂಟು ಅಂತ ನಾವು ತಿಳ್ಕೊಂಡಿದ್ದೆವು.

ನಾನು ಕಾವೂರಿನ ಕಡೆ ಬೆಳೆದವ. ಶಾಲೆಗೆ ಗದ್ದೆಯ ಹುಣಿಯಲ್ಲಿ ಮೂರು ಕಿಲೋಮೀಟರ್, ಸಂಜೆ ಕತ್ತಲಾಗುವವರೆಗೆ ಲಗೋರಿ, ಕುಟ್ಟಿದೊಣ್ಣೆ. ಅದಕ್ಕೆ ವ್ಯಾಯಾಮ ಅಂತ ಯಾರೂ ಹೆಸರಿಟ್ಟಿರಲಿಲ್ಲ. ಆ ಗದ್ದೆ ಈಗ ಇಲ್ಲ, ಮೂರು ಅಪಾರ್ಟ್‌ಮೆಂಟ್ ಎದ್ದಿದೆ. ಮಕ್ಕಳು ಸೋಮಾರಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ.

ಕೊಡಿಯಾಲ್‌ಬೈಲಿನ ಅಜ್ಜಿ:
(ಮೊಮ್ಮಗಳ ಕೈಯಲ್ಲಿ ಬರೆಸ್ತಾ ಇದ್ದೇನೆ.) ಮಗಾ, ಬೆಳೆಯುವ ಹುಡುಗ ತಿಂದ್ರೆ ತಪ್ಪೇನು? ನಮ್ಮ ಕಾಲದಲ್ಲಿ ಮಗು ತೋರ ಇದ್ರೆ "ತಾಯಿ ಚೆಂದ ಸಾಕಿದ್ದಾಳೆ" ಅಂತ ಹೇಳ್ತಿದ್ರು. ವಯಸ್ಸಿಗೆ ಬರುವಾಗ ತನ್ನಷ್ಟಕ್ಕೆ ಇಳೀತದೆ. ಆದ್ರೆ ಬುತ್ತಿ ಬಿಟ್ಟು ಹಸಿದುಕೊಂಡು ಕೂರುದು ಮಾತ್ರ ಬೇಡ, ಅದು ನನಗೆ ಹೆದರಿಕೆ ಆಗ್ತದೆ.

ಮಕ್ಕಳ ಡಾಕ್ಟರ್, ಮಣಿಪಾಲ:
ಅಜ್ಜಿ ಹೇಳಿದ ಕೊನೆಯ ಮಾತು ಬಹಳ ಸರಿ, ಮೊದಲು ಅದನ್ನೇ ಹಿಡಿಯೋಣ. 12 ವರ್ಷದ ಹುಡುಗ ಉಪವಾಸ ಕೂರಬಾರದು. ಎತ್ತರ ಬೆಳೆಯುವ ಹೊತ್ತು ಇದು. ಆದರೆ "ತನ್ನಷ್ಟಕ್ಕೆ ಇಳೀತದೆ" ಎಂದು ಬಿಟ್ಟುಬಿಡುವ ಹಾಗೂ ಇಲ್ಲ. ಹೈಸ್ಕೂಲಿಗೆ ಹೋಗುವಾಗ ಬೊಜ್ಜು ಇದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ದೊಡ್ಡವರಾದ ಮೇಲೂ ಉಳಿಯುತ್ತದೆ.

ಮೇಡಂ, ನಿಮ್ಮ ಮಗನ ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಎಂಬ ಅಳತೆ, ಸುಮಾರು 26.5 ಬರುತ್ತದೆ. ದೊಡ್ಡವರ ಅಳತೆಯಲ್ಲಿ ಇದನ್ನು ನೋಡಬಾರದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ 5ರಿಂದ 18 ವರ್ಷದವರಿಗೆ ಬೇರೆಯೇ ಚಾರ್ಟ್ ಮಾಡಿದೆ, ಹುಡುಗರಿಗೊಂದು, ಹುಡುಗಿಯರಿಗೊಂದು. ಅದರಲ್ಲಿ ದೊಡ್ಡವರ 23ಕ್ಕೆ ಸಮನಾದ ಗೆರೆ ದಾಟಿದರೆ ಅಧಿಕ ತೂಕ, 27ಕ್ಕೆ ಸಮನಾದ ಗೆರೆ ದಾಟಿದರೆ ಬೊಜ್ಜು. ಮಗುವಿನ ವಯಸ್ಸು ಕಡಿಮೆಯಾದಷ್ಟು ಆ ಗೆರೆ ಕೆಳಗಿರುತ್ತದೆ, ಹಾಗಾಗಿ ನಿಮ್ಮ ಮಗ ಮೇಲಿನ ಗೆರೆಯನ್ನೇ ದಾಟಿದ್ದಾನೆ. ನಮ್ಮವರ ಮೈಯಲ್ಲಿ ಅದೇ ಬಿಎಂಐಗೆ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ. ಅದಕ್ಕೇ ನಮಗೆ 25ರ ಬದಲು 23. ಉರ್ವಸ್ಟೋರಿನವರ ಸಪೂರ ಮಗಳಿಗೆ ಏದುಸಿರು ಬಂದದ್ದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ, ರಕ್ತಹೀನತೆ ಉಂಟಾ ಎಂದು ಒಮ್ಮೆ ನೋಡಿಸಿ.

ಮನೆಯಲ್ಲೇ ನೋಡಬಹುದಾದ್ದು ಮೂರು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಇವನಿಗೆ 74 ಸೆಂಟಿಮೀಟರ್ ಒಳಗೆ. ರಾತ್ರಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುತ್ತದಾ ಗಮನಿಸಿ. ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನ ಹಾಗೆ ದಪ್ಪ ಆಗಿದೆಯಾ ನೋಡಿ. ಆಗಿದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಆಗ ಶುಗರ್, ಲಿವರ್, ಕೊಲೆಸ್ಟ್ರಾಲ್, ಬಿಪಿ ಪರೀಕ್ಷೆ ಮಾಡಿಸಲೇಬೇಕು.

2016-18ರಲ್ಲಿ ದೇಶದ ಮಕ್ಕಳ ಪೌಷ್ಟಿಕತೆಯ ಸಮೀಕ್ಷೆ ನಡೆದಿತ್ತು. 10ರಿಂದ 19 ವರ್ಷದವರಲ್ಲಿ ಸುಮಾರು 5% ಅಧಿಕ ತೂಕದವರು, 24% ತೀರಾ ಸಪೂರದವರು, ಹತ್ತರಲ್ಲಿ ಒಬ್ಬರ ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಲ್ಲಿ. ಅಂದರೆ ದಪ್ಪ ಕಾಣುವವರಿಗಿಂತ ಹೆಚ್ಚು ಮಕ್ಕಳ ಮೈಯೊಳಗೆ ಏರುಪೇರು ಶುರುವಾಗಿದೆ.

ಬಿಜೈಯ ಅಮ್ಮ:
ಡಾಕ್ಟ್ರೇ, ಕುತ್ತಿಗೆಯಲ್ಲಿ ಕಪ್ಪು ಉಂಟು. ನಾನು ಅದು ಕೊಳೆ ಅಂತ ತಿಳ್ಕೊಂಡು ಒಂದು ವರ್ಷದಿಂದ ಕಡ್ಲೆಹಿಟ್ಟು, ನಿಂಬೆಸಿಪ್ಪೆ ಹಾಕಿ ತಿಕ್ತಾ ಇದ್ದೇನೆ. ಅವನು "ಉರೀತದೆ ಅಮ್ಮಾ" ಅಂತ ಅಳ್ತಿದ್ದ. ಇವತ್ತೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ತೇನೆ.

ಮಕ್ಕಳ ಡಾಕ್ಟರ್, ಮಣಿಪಾಲ:
ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಹತ್ತು ಜನ ತಾಯಂದಿರಲ್ಲಿ ಎಂಟು ಜನ ತಿಕ್ಕಿಯೇ ಬಂದಿರುತ್ತಾರೆ ನನ್ನ ಹತ್ತಿರ. ಇನ್ನೊಂದು ಸಮಾಧಾನದ ವಿಷಯ ಹೇಳುತ್ತೇನೆ. ಈ ವಯಸ್ಸಿನಲ್ಲಿ ತೂಕ ಇಳಿಸಲೇಬೇಕೆಂದಿಲ್ಲ, ಏರದಂತೆ ನಿಲ್ಲಿಸಿದರೂ ಸಾಕಾಗುತ್ತದೆ. ಮುಂದಿನ ಒಂದೂವರೆ, ಎರಡು ವರ್ಷದಲ್ಲಿ ಅವನು 158 ಸೆಂಟಿಮೀಟರ್ ಆಗಿ ತೂಕ 58ರಲ್ಲೇ ನಿಂತರೆ ಬಿಎಂಐ 23ರ ಆಸುಪಾಸಿಗೆ ಬರುತ್ತದೆ. ಎತ್ತರ ಅವನ ಪರವಾಗಿ ಕೆಲಸ ಮಾಡುತ್ತದೆ. ಇವನೊಬ್ಬನಿಗೆ ಬೇರೆ ಅಡುಗೆ ಮಾಡಬೇಡಿ, ಮನೆಮಂದಿಯೆಲ್ಲ ಉಣ್ಣುವ ಊಟವೇ ಬದಲಾಗಲಿ.

ಕದ್ರಿಯ ತಂದೆ:
ಎಲ್ಲ ಸರಿ. ಆದ್ರೆ ವಾಸ್ತವವನ್ನೂ ನೋಡಬೇಕಲ್ವಾ? 2024ರ ಪಿಯುಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ನಾವು ಎರಡನೆಯದು. ಇದು ಸುಮ್ಮನೆ ಬಂದದ್ದಲ್ಲ. ನನ್ನ ಮಗ ಎಂಟನೇ ಕ್ಲಾಸಿನಿಂದ ಫೌಂಡೇಶನ್ ಕೋಚಿಂಗ್ ಹೋಗ್ತಾ ಇದ್ದಾನೆ. ನಮ್ಮಂಥವರಿಗೆ ಆಸ್ತಿ ಇಲ್ಲ, ಮಕ್ಕಳ ಮಾರ್ಕೇ ಆಸ್ತಿ. ಆಟಕ್ಕೆ ಎರಡು ಗಂಟೆ ಕೊಟ್ಟು ಆಮೇಲೆ ಸೀಟ್ ಸಿಗದಿದ್ರೆ ಯಾರನ್ನು ಕೇಳುದು?

ಪಿ.ಟಿ. ಮಾಸ್ಟ್ರು, ಉಡುಪಿ:
ಕದ್ರಿಯವರ ಹೆದರಿಕೆ ನನಗೆ ಅರ್ಥ ಆಗ್ತದೆ, ನನ್ನ ಮನೆಯಲ್ಲೂ ಇಬ್ಬರು ಓದುವವರಿದ್ದಾರೆ. ಆದರೆ ಎರಡು ಗಂಟೆ ಯಾರೂ ಕೇಳ್ತಾ ಇಲ್ಲ ಸರ್. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಬೇಕು ಅಂದಿದೆ. ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಮೂಳೆ-ಮಾಂಸಖಂಡ ಗಟ್ಟಿಯಾಗುವ ಓಟ, ನೆಗೆತ ಇರಬೇಕು. ವಾರಕ್ಕೆ 420 ನಿಮಿಷ ಆಯ್ತು. ನಮ್ಮ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನನಗೆ ಸಿಗುದು 40 ನಿಮಿಷದ ಎರಡು ಪಿರಿಯಡ್. ಲೈನ್ ಮಾಡಿ ಕೆಳಗೆ ಕರಕೊಂಡು ಬರುವಾಗ ಎಂಟು ನಿಮಿಷ, ವಾಪಸು ಕಳಿಸುವಾಗ ಐದು. 52 ಮಕ್ಕಳಿಗೆ ಎರಡು ವಾಲಿಬಾಲ್. ಡಿಸೆಂಬರ್ ಬಂತೆಂದರೆ "ಪೋರ್ಷನ್ ಮುಗಿದಿಲ್ಲ ಸರ್" ಅಂತ ಗಣಿತದವರು ಬಂದು ಆ ಪಿರಿಯಡ್ಡನ್ನೂ ಕೇಳ್ತಾರೆ. 22 ವರ್ಷದಲ್ಲಿ ಗಣಿತದ ಪಿರಿಯಡ್ ಒಂದನ್ನೂ ಯಾರೂ ಪಿ.ಟಿ.ಗೆ ಬಿಟ್ಟುಕೊಟ್ಟದ್ದು ನಾನು ಕಂಡಿಲ್ಲ.

ಮೇಲಿಂದ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್, ಮೈದಾನ ಕೆರೆ. "ಇವತ್ತು ಮಳೆ, ಕ್ಲಾಸಲ್ಲೇ ಕೂತ್ಕೊಳ್ಳಿ" ಅಂತ ನಾನೇ ಎಷ್ಟೋ ವರ್ಷ ಹೇಳಿದ್ದೇನೆ. ಈಗ ಹೇಳುದಿಲ್ಲ. ಯಾಕೆ ಅಂತ ಹೇಳ್ತೇನೆ.

ಎರಡು ವರ್ಷದ ಹಿಂದೆ, ಜುಲೈ ತಿಂಗಳು, ಬಿಡದ ಮಳೆ. ಏಳನೇ ಕ್ಲಾಸಿನವರನ್ನು ಸಭಾಂಗಣಕ್ಕೆ ಕರಕೊಂಡು ಹೋಗಿದ್ದೆ. ಒಬ್ಬ ಹುಡುಗ ಮೂಲೆಯ ಬೆಂಚಿನ ಮೇಲೆ ಎರಡು ಸ್ಕೇಲ್ ಹಿಡಿದು ಹುಲಿವೇಷಕ್ಕೆ ಬಾರಿಸುವ ತಾಸೆಯ ಪೆಟ್ಟು ಹೊಡೀಲಿಕ್ಕೆ ಶುರು ಮಾಡಿದ. ಅಷ್ಟಮಿಗೆ ಇನ್ನೂ ತಿಂಗಳಿತ್ತು, ಆದ್ರೆ ಉಡುಪಿಯ ಮಕ್ಕಳಲ್ವಾ, ಆ ಪೆಟ್ಟು ಕೇಳಿದ್ರೆ ಕಾಲು ನಿಲ್ಲುದಿಲ್ಲ. ನಾಲ್ಕೈದು ಜನ ಹುಲಿ ಹೆಜ್ಜೆ ಹಾಕಿದ್ರು. ಆಗ ಹಿಂದಿನಿಂದ ಒಬ್ಬ ಬಂದ. ತೂಕದ ಹುಡುಗ. 600 ಮೀಟರ್ ಓಟದಲ್ಲಿ ಯಾವಾಗಲೂ ಕಡೆಯವ, ಅರ್ಧದಲ್ಲಿ ಹೊಟ್ಟೆ ಹಿಡ್ಕೊಂಡು ನಿಲ್ಲುವವ. ಅವನು ಮಂಡಿ ಬಗ್ಗಿಸಿ ತೊಡೆ ನೆಲಕ್ಕೆ ಸಮವಾಗುವಷ್ಟು ಕೂತು, ಅಲ್ಲಿಂದಲೇ ನೆಗೆದು ತಿರುಗಿದ. ಕೈಯ ಉಗುರು ಸಹ ಹುಲಿಯದ್ದೇ. ಅವನ ಮಾವ ವೇಷ ಹಾಕುವವರಂತೆ, ಚಿಕ್ಕಂದಿನಿಂದ ನೋಡಿ ಕಲಿತದ್ದು. ಇಡೀ ಕ್ಲಾಸು ಅವನ ಹಿಂದೆ ನಿಂತು ಹೆಜ್ಜೆ ಕಲೀಲಿಕ್ಕೆ ಶುರು ಮಾಡಿತು. ಸಪೂರದ ಹುಡುಗರು ಎರಡು ನಿಮಿಷಕ್ಕೆ ತೊಡೆ ನೋವು ಅಂತ ಕೂತ್ರು, ಇವನು ಪಿರಿಯಡ್ ಮುಗಿಯುವವರೆಗೆ ನಿಲ್ಲಲಿಲ್ಲ. ಅಂಗಿ ಹಿಂಡಿದ್ರೆ ನೀರು ಬರ್ತಿತ್ತು. ಆ ಹುಡುಗನ ಮೈ ಬಗ್ಗುದಿಲ್ಲ ಅಂತ ನಾನು ತಿಳ್ಕೊಂಡಿದ್ದೆ. ಅವನಿಗೆ ಬೇಕಾದ್ದನ್ನು ಒಂದು ದಿನವೂ ನಾನು ಆಡಿಸಿರಲಿಲ್ಲ.

ಈಗ ಮಳೆಗಾಲದ ನಾಲ್ಕು ತಿಂಗಳಿಗೆ ನನ್ನ ಪಟ್ಟಿ ಬೇರೆ. ವರಾಂಡದಲ್ಲಿ ಸೀಮೆಸುಣ್ಣದ ಕುಂಟೆಬಿಲ್ಲೆ, ಹಗ್ಗದಾಟ, ಸೂರ್ಯನಮಸ್ಕಾರ, ಹುಲಿ ಹೆಜ್ಜೆ, ಯಕ್ಷಗಾನ ಗೊತ್ತಿರುವವರಿದ್ದರೆ ಅದರ ಹೆಜ್ಜೆ. ಕಾಸು ಖರ್ಚಿಲ್ಲ.

ಫಿಟ್‌ನೆಸ್ ಪರೀಕ್ಷೆಯ ವಿಷಯವೂ ಹೇಳಬೇಕು. 50 ಮೀಟರ್, 600 ಮೀಟರ್ ಓಟ, ಕೂತು ಕಾಲ್ಬೆರಳು ಮುಟ್ಟುವುದು, ಹೊಟ್ಟೆಯ ಕಸರತ್ತು, ಪುಷ್‌ಅಪ್ ಎಲ್ಲ ಇರ್ತದೆ. ಒಳ್ಳೆಯದೇ. ಆದರೆ ಅಂಕಿಯನ್ನು ಮಗು ಮತ್ತು ಮನೆಯವರು ಬಿಟ್ಟು ಮೂರನೆಯವರು ಕೇಳಬಾರದು. ನಾನು ಚೀಟಿಯಲ್ಲಿ ಬರೆದು ಮಡಚಿ ಕೊಡ್ತೇನೆ. ಜೂನ್‌ನ ಚೀಟಿ, ಜನವರಿಯ ಚೀಟಿ. ಬೇರೆಯವರ ಚೀಟಿಯ ಜೊತೆ ಹೋಲಿಕೆ ಇಲ್ಲ. ನಿಮ್ಮ ಮಗನ ಶಾಲೆಯಲ್ಲಿ ನಡೆದದ್ದು ತಪ್ಪು ಅಕ್ಕ. ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ, ಬಾಯಲ್ಲಿ ಹೇಳಬೇಡಿ.

ಕುಂದಾಪ್ರದವಳು:
ಮಾಸ್ಟ್ರೇ, ನಿಮ್ಮ ಬರಹ ಓದಿ ಗಂಟಲು ಕಟ್ತು. ನನ್ನನ್ನು ಏಳನೇ ಕ್ಲಾಸಲ್ಲಿ "ಡ್ರಮ್ಮು" ಅಂತ ಕರೀತಿದ್ರು. ಟೀಚರೂ ಒಂದೆರಡು ಸಲ ಕರೆದದ್ದುಂಟು. ನಾನು ಎಂತ ಮಾಡ್ದೆ ಗೊತ್ತಿತಾ, ಮಧ್ಯಾಹ್ನ ಊಟ ಬಿಡೂದು, ಸಂಜಿ ಮನೆಗ್ ಬಂದು ಯಾರೂ ಕಾಣದ ಹಾಂಗೆ ಡಬ್ಬಿ ಖಾಲಿ ಮಾಡೂದು. ಮೂರು ವರ್ಷ ಹೀಂಗೇ ಹೋಯ್ತು, ತೂಕ ಮತ್ತೂ ಏರ್ತು. ಬುತ್ತಿ ಮುಟ್ಟದೆ ವಾಪಸು ತರುವ ಹುಡುಗನ ಬಗ್ಗೆ ನಿಮಗೆ ಆ ಹೆದರಿಕೆ ಇರ್ಲಿ ಅಕ್ಕ.

ಹುಡುಗಿಯರ ವಿಷಯ ಇಲ್ಲಿ ಇನ್ನೂ ಯಾರೂ ಎತ್ತಲಿಲ್ಲ. ಆರನೇ ಕ್ಲಾಸಿನವರೆಗೆ ನಾನು ಖೋಖೋ ಆಡ್ತಿದ್ದೆ. ದೊಡ್ಡವಳಾದ ಮೇಲೆ ನಿಂತುಹೋಯ್ತು. ಪಿ.ಟಿ. ಪಿರಿಯಡ್‌ಗೂ ಸ್ಕರ್ಟು, ಮೈದಾನದ ಹತ್ರ ಶೌಚಾಲಯದಲ್ಲಿ ನೀರಿಲ್ಲ, ಪ್ಯಾಡ್ ಬದಲಿಸುವ ಜಾಗ ಇಲ್ಲ. ಮೈದಾನದ ನಡು ಹುಡುಗರ ಕ್ರಿಕೆಟ್ಟಿಗೆ, ನಾವು ಬದಿಯ ಕಟ್ಟೆಯ ಮೇಲೆ. ಎರಡು ವರ್ಷ ಕಟ್ಟೆಯ ಮೇಲೆ ಕೂತು ಪಿ.ಟಿ. ಮುಗಿಸಿದವಳು ನಾನು. ಒಂದು ಟ್ರ್ಯಾಕ್ ಪ್ಯಾಂಟು, ಒಂದು ನಲ್ಲಿ ನೀರು ಕೊಟ್ಟಿದ್ರೆ ನಾನು ಆಡ್ತಿದ್ದೆ.

ಇನ್ನೊಂದು, ಆ ಮಾಣಿಗೆ ಹೇಳಿ. ನಮ್ಮ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ 249 ಕೆಜಿ ಎತ್ತಿ ಬೆಳ್ಳಿ ತಂದರು. 2022ರಲ್ಲಿ 61 ಕೆಜಿ ವಿಭಾಗದಲ್ಲಿ ಕಂಚು. ನಿಮ್ಮ ಮಾಣಿಯ ತೂಕ ಅವೆರಡರ ನಡುವೆ ಉಂಟು. 58 ಅಂಬ ಅಂಕಿಯಲ್ಲಿ ನಾಚಿಕೆ ಪಡುವಂಥದ್ದು ಎಂತದೂ ಇಲ್ಲೆ.

ದುಬೈಯಲ್ಲಿದ್ದೇನೆ, ಮನೆ ಸುರತ್ಕಲ್:
ತಪ್ಪು ನನ್ನದೂ ಉಂಟು. ದೂರ ಇದ್ದೇನೆ ಅಂತ ಮಗ ಕೇಳಿದ್ದಕ್ಕೆಲ್ಲ ಮೊಬೈಲಲ್ಲಿ ಆರ್ಡರ್ ಹಾಕಿ ಮನೆಗೆ ಕಳಿಸ್ತೇನೆ. ಶುಕ್ರವಾರ ಬರ್ಗರ್, ಆದಿತ್ಯವಾರ ಗಡ್‌ಬಡ್ ಐಸ್‌ಕ್ರೀಮ್. ಪ್ರೀತಿ ತೋರಿಸ್ಲಿಕ್ಕೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಇನ್ನು ಆ ದುಡ್ಡಲ್ಲಿ ಅವನಿಗೊಂದು ಸೈಕಲ್ ತೆಗೆಸಿಕೊಡ್ತೇನೆ.

ಕ್ಯಾಂಟೀನ್ ಅಣ್ಣ:
ನಾನು ಮಂಗಳೂರಿನ ಒಂದು ಶಾಲೆಯಲ್ಲಿ ಕ್ಯಾಂಟೀನ್ ನಡೆಸ್ತೇನೆ. ನನ್ನ ಕಡೆಯಿಂದ ಸತ್ಯ ಹೇಳ್ತೇನೆ. ಚಿಪ್ಸ್ ಪ್ಯಾಕೆಟಿಗೆ ಕೆಲಸದವ ಬೇಡ, ಹಾಳಾಗುದಿಲ್ಲ, ಉಳಿದದ್ದು ನಾಳೆ ಮಾರಬಹುದು. ಪಫ್ಸ್ ಬೇಕರಿಯಿಂದ ಬರ್ತದೆ, ಗಲ್ಲಾಪೆಟ್ಟಿಗೆಯ ಹತ್ರ ಕೂತವ ತೆಗೆದು ಕೊಟ್ರೆ ಆಯ್ತು. ಬನ್ಸ್ ನಮ್ಮದೇ ಊರಿನ ತಿಂಡಿ ಅಂತ ತಾಯಂದಿರು ಏನೂ ಹೇಳುದಿಲ್ಲ, ಆದ್ರೆ ಅದೂ ಮೈದಾ, ಸಕ್ಕರೆ, ಎಣ್ಣೆಯೇ. 2020ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಬಂತು. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು. ಆ ಕಾಗದ ಓದಿದ ದಿನ ನಾನು ತಂಪು ಪಾನೀಯ ನಿಲ್ಲಿಸಿದೆ. 300 ಎಂಎಲ್ ಬಾಟಲಿಯಲ್ಲಿ 30 ಗ್ರಾಮಿಗಿಂತ ಜಾಸ್ತಿ ಸಕ್ಕರೆ, ಏಳೆಂಟು ಚಮಚ. ಮೊದಲು ಓದಿರಲೇ ಇಲ್ಲ, ಲೇಬಲ್ಲಿನ ಅಕ್ಷರ ಅಷ್ಟು ಸಣ್ಣ.

ಬದಲಿಗೆ ಕಡ್ಲೆ ಉಸ್ಲಿ ಮಾಡಿ ಸ್ಟೀಲ್ ಪಾತ್ರೆಯಲ್ಲಿಟ್ಟೆ. ಒಬ್ಬನೂ ತೆಗೊಳ್ಳಲಿಲ್ಲ. ಒಂದು ವಾರ ಚೆಲ್ಲಿದೆ. ಮತ್ತೆ ನನ್ನ ಹೆಂಡತಿ ಹೇಳಿದ್ಳು, ಚರುಮುರಿಯ ಹಾಗೆ ಕಾಗದದ ಕೋನಿನಲ್ಲಿ ಕೊಡಿ, ಮಾವಿನಕಾಯಿ, ನೀರುಳ್ಳಿ ಕೊಚ್ಚಿ ಹಾಕಿ ಅಂತ. ಈಗ ಹನ್ನೊಂದು ಗಂಟೆಯ ಬೆಲ್ಲಿಗೆ ಎರಡು ಸೇರು ಖಾಲಿ. ಪುನರ್ಪುಳಿ ಜ್ಯೂಸಿಗೆ ಸಕ್ಕರೆ ಅರ್ಧ ಮಾಡಿದ್ದೇನೆ, ಸ್ವಲ್ಪ ಉಪ್ಪು, ಜೀರಿಗೆ. ಮಕ್ಕಳಿಗೆ ವ್ಯತ್ಯಾಸ ಗೊತ್ತೇ ಆಗ್ಲಿಲ್ಲ.

ಕೊಡಿಯಾಲ್‌ಬೈಲಿನ ಅಜ್ಜಿ:
ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳು ಪಲ್ಯ ಕೊಡ್ಲಿಕ್ಕಾಗ್ತದಾ ಮಗಾ? ಮಧ್ಯಾಹ್ನಕ್ಕೆ ಬಸಳೆ ಸಾರು. ಮೀನು ತಿನ್ನುವವರಾದ್ರೆ ಬೂತಾಯಿ ಪುಳಿಮುಂಚಿ ಮಾಡು, ಹುರೀಬೇಡ. ಡಾಕ್ಟ್ರು ಹೇಳಿದ ಮೇಲೆ ನಾನೂ ಒಪ್ಪಿದೆ, "ತೋರ ಇದ್ರೆ ಚೆಂದ" ಅಂತ ಇನ್ನು ಹೇಳುದಿಲ್ಲ.

ಕದ್ರಿಯ ತಂದೆ:
ಮಾಸ್ಟ್ರು ಬರೆದದ್ದನ್ನು ಮಗನಿಗೆ ಓದಿ ಹೇಳಿದೆ. ಅವನು ಕೇಳಿದ, "ಅಪ್ಪ, ಕೋಚಿಂಗ್ ಇಲ್ಲದ ದಿನ ನಾನು ಕದ್ರಿ ಪಾರ್ಕಿಗೆ ಓಡ್ಲಿಕ್ಕೆ ಹೋಗ್ಲಾ?" ಇಷ್ಟು ದಿನ ಯಾಕೆ ಕೇಳಲಿಲ್ಲ ಅಂದ್ರೆ "ನೀವು ಬೈತೀರಿ ಅಂತ" ಅಂದ. ಬುಧವಾರ, ಶನಿವಾರ ಅವನ ಜೊತೆ ನಾನೂ ಹೋಗುದು ಅಂತ ಮಾಡಿದ್ದೇನೆ.

ಬಿಜೈಯ ಅಮ್ಮ:
ಎಲ್ಲರಿಗೂ ಋಣಿ. ಡಾಕ್ಟರಿಗೆ ತೋರಿಸಿದೆವು. ಶುಗರ್ ಹೊಸ್ತಿಲಲ್ಲಿ ಉಂಟು, ಔಷಧಿ ಬೇಡ, ಮೂರು ತಿಂಗಳಿಗೆ ಪುನಃ ಬನ್ನಿ ಅಂದ್ರು. ಕುತ್ತಿಗೆ ತಿಕ್ಕಿದ್ದಕ್ಕೆ ಅವನ ಹತ್ರ ಕ್ಷಮೆ ಕೇಳಿದೆ. ಶಾಲೆಗೆ ಪತ್ರ ಕೊಟ್ಟೆ, ಮುಂದಿನ ಸಲ ಪರದೆಯ ಹಿಂದೆ ತೂಕ ನೋಡ್ತೇವೆ ಅಂತ ಒಪ್ಪಿದ್ದಾರೆ. ಟ್ಯೂಷನ್ ವಾರಕ್ಕೆ ಮೂರೇ ದಿನ ಮಾಡಿದ್ದೇನೆ. ಹಿಂದಿನ ಎರಡು ದಿನ ಬುತ್ತಿ ಖಾಲಿ ಬಂತು.

ಶಾಲೆಗೆ ನಡೆದುಕೊಂಡು ಹೋಗುದು ಅಂತ ಅವನೇ ಹೇಳಿದ. ಒಂದೂವರೆ ಕಿಲೋಮೀಟರ್, ಇಪ್ಪತ್ತೈದು ನಿಮಿಷ. ಒಂದೇ ತೊಂದರೆ, ಬ್ಯಾಗ್. ನಿನ್ನೆ ತೂಕ ಮಾಡಿದೆ, ಏಳು ಕೆಜಿ ಹತ್ರ ಉಂಟು.

ಪಿ.ಟಿ. ಮಾಸ್ಟ್ರು, ಉಡುಪಿ:
2019ರ ಸರಕಾರಿ ಆದೇಶದ ಪ್ರಕಾರ 6ರಿಂದ 8ನೇ ಕ್ಲಾಸಿನ ಬ್ಯಾಗ್ 3ರಿಂದ 4 ಕೆಜಿ ದಾಟಬಾರದು. ಅದನ್ನೂ ಪತ್ರದಲ್ಲಿ ಸೇರಿಸಿ.

ಉರ್ವಸ್ಟೋರಿನ ಅಪ್ಪ:
ಅಕ್ಕ, ಪತ್ರಕ್ಕೆ ಉತ್ತರ ಬರುವವರೆಗೆ ಒಂದು ಉಪಾಯ. ವ್ಯಾನಿನವರಿಗೆ ಹೇಗೂ ತಿಂಗಳ ದುಡ್ಡು ಕೊಡ್ತೀರಿ. ಬ್ಯಾಗ್ ವ್ಯಾನಲ್ಲಿ ಹೋಗಲಿ, ಮಕ್ಕಳು ನಡೆದು ಹೋಗಲಿ. ನಮ್ಮ ಮಗಳದ್ದೂ ಅದೇ ಕಡೆಯ ಶಾಲೆ, ನಾನು ಅವಳನ್ನು ಸ್ಕೂಟರಲ್ಲಿ ಬಿಜೈವರೆಗೆ ತಂದು ಬಿಡ್ತೇನೆ. ವಾರಕ್ಕೆ ಮೂರು ದಿನ ದೊಡ್ಡವರು ಜೊತೆಗೆ ಬರುದು ನನ್ನ ಲೆಕ್ಕ, ಎರಡು ದಿನ ನಿಮ್ಮದು. ಫುಟ್‌ಪಾತಲ್ಲಿ ಎರಡು ಕಡೆ ಚಪ್ಪಡಿ ಕಿತ್ತುಹೋಗಿದೆ, ಅಲ್ಲಿ ಕೈ ಹಿಡ್ಕೊಂಡು ದಾಟಿಸಬೇಕು.

ಬಿಜೈಯ ಅಮ್ಮ:
ವ್ಯಾನಿನ ಅಣ್ಣನ ಹತ್ರ ಮಾತಾಡಿದೆ, ಆಗಬಹುದು ಅಂದ್ರು. ಮೇಲಿನ ಮನೆಯ ಹುಡುಗಿಯೂ ಬರ್ತಾಳಂತೆ, ಅವಳ ತಮ್ಮನೂ. ನಾಲ್ಕು ಮಕ್ಕಳಾದ್ರು. ಸೋಮವಾರ 7:10ಕ್ಕೆ ಬಿಜೈ ಮ್ಯೂಸಿಯಂ ಹತ್ರ ನಿಲ್ತೇವೆ. ಮಳೆ ಇದ್ರೂ ಹೋಗುದೇ, ಮಗಳಿಗೆ ಕೊಡೆ ಕೊಟ್ಟು ಕಳಿಸಿ.